ಲೆಕ್ಕವಿಡುವ ಯಂತ್ರ, ಊಹಿಸುವ ಯಂತ್ರ

ದೊಡ್ಡ ವ್ಯಾಪಾರ ಸಂಸ್ಥೆಯೊಂದರಲ್ಲಿ ಸರಕು ಓಡಾಡುವುದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಆದರೆ ಆ ಸರಕಿನ ಜೊತೆಜೊತೆಗೇ ಅದನ್ನು ಕುರಿತ ಮಾಹಿತಿಯೂ ಓಡಾಡುತ್ತಿರುತ್ತದೆಂಬುದು ಸುಲಭವಾಗಿ ಹೊಳೆಯುವ ಸಂಗತಿಯಲ್ಲ. ಒಂದು ಮೂಟೆ ಗೋಧಿಹಿಟ್ಟು ಉಗ್ರಾಣಕ್ಕೆ ಬಂದಿತೆನ್ನೋಣ. ಉಗ್ರಾಣದವನು ಅದನ್ನು ತನ್ನ ದಾಸ್ತಾನು ಪುಸ್ತಕದಲ್ಲಿ ಬರೆಯುತ್ತಾನೆ. ಖರೀದಿಯ ಗುಮಾಸ್ತನು ತಾನು ಬೇಡಿದ್ದ ಸರಕು ಬಂದಿತೆಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಹಣ ಪಾವತಿ ಮಾಡುವವನು ಮೂರನೆಯ ಪುಸ್ತಕದಲ್ಲಿ ಬರೆಯುತ್ತಾನೆ. ಸಂಗತಿ ಒಂದೇ, ಬರಹ ಮಾತ್ರ ಮೂರು. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗುವುದಿಲ್ಲ.

ಇಂದು ಈ ಬರಹದ ಕೆಲಸವನ್ನೆಲ್ಲ ಕಂಪ್ಯೂಟರುಗಳು ವಹಿಸಿಕೊಂಡಿವೆ. ಅಷ್ಟಕ್ಕೇ ನಿಲ್ಲದೆ, ನಾಳೆ ಎಷ್ಟು ಸರಕು ಬೇಕಾದೀತೆಂದು ಹೇಳುವ ಕೆಲಸವನ್ನೂ ಅವಕ್ಕೆ ಒಪ್ಪಿಸಲಾಗುತ್ತಿದೆ. ಈ ಬದಲಾವಣೆಯನ್ನೇ ವ್ಯಾಪಾರ ಪ್ರಪಂಚದವರು 'ಡಿಜಿಟಲ್ ಪರಿವರ್ತನೆ' ಎಂದು ಕರೆಯುತ್ತಾರೆ. ಹೆಸರು ಎಷ್ಟೇ ದೊಡ್ಡದಾಗಿದ್ದರೂ ಇದರಲ್ಲಿ ಅಡಗಿರುವ ಕೆಲಸಗಳು ಮುಖ್ಯವಾಗಿ ಎರಡೇ. ನಡೆದುದನ್ನು ದಾಖಲಿಸುವುದು ಒಂದು. ನಡೆಯಲಿರುವುದನ್ನು ಊಹಿಸುವುದು ಇನ್ನೊಂದು. ಈ ಎರಡರ ಸ್ವಭಾವವೂ ಬೇರೆಬೇರೆ. ಅವುಗಳಲ್ಲಿ ತಲೆದೋರುವ ತಪ್ಪುಗಳ ಸ್ವಭಾವವೂ ಬೇರೆ. ಈ ಭೇದವನ್ನು ಅರಿಯದೆ ಯಂತ್ರವನ್ನು ನಂಬಿದಲ್ಲಿ ಏನಾಗಬಹುದೆಂಬುದನ್ನು ಚರಿತ್ರೆಯ ಕೆಲವು ನಿದರ್ಶನಗಳಿಂದ ಪರಿಶೀಲಿಸೋಣ.

ಚಹದಂಗಡಿಯವರು ಕಟ್ಟಿದ ಯಂತ್ರ

ವ್ಯಾಪಾರದ ನಿತ್ಯದ ಲೆಕ್ಕಕ್ಕಾಗಿ ಕಂಪ್ಯೂಟರನ್ನು ಮೊದಲು ಬಳಸಿದವರು ಯಾರೆಂದು ಕೇಳಿದರೆ, ಯಾವುದೋ ದೊಡ್ಡ ಬ್ಯಾಂಕಿನ ಹೆಸರನ್ನೋ ಉಕ್ಕಿನ ಕಾರ್ಖಾನೆಯ ಹೆಸರನ್ನೋ ವಾಚಕರು ನಿರೀಕ್ಷಿಸಬಹುದು. ನಿಜಸ್ಥಿತಿ ಹಾಗಿಲ್ಲ. ಈ ಗೌರವ ಸಲ್ಲುವುದು ಲಂಡನ್ನಿನ ಜೆ. ಲಯನ್ಸ್ ಎಂಬ ಕಂಪನಿಗೆ. ಬ್ರೆಡ್ಡು, ಕೇಕು ಮೊದಲಾದ ತಿನಿಸುಗಳನ್ನು ತಯಾರಿಸಿ, ಇನ್ನೂರಕ್ಕೂ ಮಿಕ್ಕ ತನ್ನ ಚಹದಂಗಡಿಗಳಲ್ಲಿ ಮಾರುವುದು ಅದರ ವ್ಯಾಪಾರವಾಗಿತ್ತು. ಇಂಥ ವ್ಯಾಪಾರದಲ್ಲಿ ಒಂದೊಂದು ಮಾರಾಟವೂ ಅತ್ಯಲ್ಪ ಮೊತ್ತದ್ದು. ಆದರೆ ಮಾರಾಟಗಳ ಸಂಖ್ಯೆ ಅಪಾರ. ಆದಕಾರಣ ಲೆಕ್ಕ ಬರೆಯುವ ಖರ್ಚೇ ಲಾಭವನ್ನು ನುಂಗಿಬಿಡುವ ಸಂಭವವಿತ್ತು.

೧೯೪೭ರಲ್ಲಿ ಈ ಕಂಪನಿಯ ಇಬ್ಬರು ಅಧಿಕಾರಿಗಳಾದ ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ ಮತ್ತು ರೇಮಂಡ್ ಥಾಮ್ಸನ್ ಅವರು ಕಚೇರಿ ಕೆಲಸದ ಹೊಸ ವಿಧಾನಗಳನ್ನು ಅರಿಯಲು ಅಮೆರಿಕಕ್ಕೆ ಹೋದರು. ಎಲೆಕ್ಟ್ರಾನಿಕ್ ಗಣಕಗಳ ವಿಷಯ ತಿಳಿದದ್ದು ಅಲ್ಲಿಯೇ. ತಮ್ಮ ದೇಶದ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೇ ಮಾರಿಸ್ ವಿಲ್ಕ್ಸ್ ಅವರು ಅಂಥದೊಂದು ಯಂತ್ರವನ್ನು ಕಟ್ಟುತ್ತಿದ್ದಾರೆಂಬ ಸಂಗತಿಯೂ ಅವರಿಗೆ ಗೊತ್ತಾದದ್ದು ಅಮೆರಿಕದಲ್ಲಿಯೇ ಎಂಬುದು ಸ್ವಾರಸ್ಯದ ವಿಷಯ. ಲಯನ್ಸ್ ಕಂಪನಿಯು ಹಣವನ್ನೂ ತನ್ನ ಒಬ್ಬ ನೌಕರನನ್ನೂ ಕೇಂಬ್ರಿಜ್ಜಿನ ಕೆಲಸಕ್ಕೆ ಕೊಟ್ಟಿತು. ಅಲ್ಲಿನ 'ಎಡ್‌ಸ್ಯಾಕ್' ಯಂತ್ರ ೧೯೪೯ರ ಮೇ ತಿಂಗಳಲ್ಲಿ ಕೆಲಸಮಾಡಲು ತೊಡಗಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಜಾನ್ ಪಿಂಕರ್ಟನ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ಲಯನ್ಸ್‌ನವರು ತಮ್ಮದೇ ಯಂತ್ರವನ್ನು ಕಟ್ಟಿದರು. ಅದರ ಹೆಸರು 'ಲಿಯೊ'. ೧೯೫೧ರ ನವೆಂಬರಿನಿಂದ ಅದು ಬೇಕರಿಯ ಉತ್ಪನ್ನಗಳ ಬೆಲೆಕಟ್ಟುವ ಲೆಕ್ಕವನ್ನು ವಾರವಾರವೂ ಮಾಡತೊಡಗಿತು.

ಈ ಯಂತ್ರದ ನೆನಪಿನ ಭಾಗವು ಭೌತವಿಜ್ಞಾನದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದುದು. ಸುಮಾರು ಒಂದೂವರೆ ಮೀಟರ್ ಉದ್ದದ ಉಕ್ಕಿನ ಕೊಳವೆಯಲ್ಲಿ ಪಾದರಸವನ್ನು ತುಂಬಿ, ಎರಡು ತುದಿಗಳಲ್ಲಿಯೂ ಬೆಣಚುಕಲ್ಲಿನ ಸ್ಫಟಿಕಗಳನ್ನು ಅಳವಡಿಸಿದ್ದರು. ಒಂದು ತುದಿಯ ಸ್ಫಟಿಕಕ್ಕೆ ವಿದ್ಯುತ್ ಮಿಡಿತವನ್ನು ಕೊಟ್ಟರೆ ಅದು ಕಂಪಿಸಿ, ಕಿವಿಗೆ ಕೇಳಿಸದ ಶಬ್ದತರಂಗವನ್ನು ಪಾದರಸದಲ್ಲಿ ಹೊರಡಿಸುತ್ತದೆ. ಪಾದರಸದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೧,೪೫೦ ಮೀಟರು. ಆದ್ದರಿಂದ ತರಂಗವು ಇನ್ನೊಂದು ತುದಿಯನ್ನು ಸೇರಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಅಲ್ಲಿನ ಸ್ಫಟಿಕವು ಅದನ್ನು ಮತ್ತೆ ವಿದ್ಯುತ್ತಾಗಿ ಮಾರ್ಪಡಿಸುತ್ತದೆ; ಅದನ್ನು ವರ್ಧಿಸಿ ಪುನಃ ಮೊದಲ ತುದಿಗೆ ಕಳುಹಿಸಲಾಗುತ್ತದೆ. ಹೀಗೆ ಮಿಡಿತಗಳ ಸಾಲು ಸುತ್ತುತ್ತಲೇ ಇರುವುದರಿಂದ ಅಂಕೆಗಳು ಅಳಿಯದೆ ಉಳಿಯುತ್ತವೆ. ಇಂಥ ಕೊಳವೆಗಳಲ್ಲಿ ಲಿಯೊ ಒಟ್ಟು ೨,೦೪೮ ಸಂಖ್ಯೆಗಳನ್ನು ನೆನಪಿಡುತ್ತಿತ್ತು. ಸುಮಾರು ೬,೦೦೦ ವಾಲ್ವುಗಳಿದ್ದ ಈ ಯಂತ್ರವು ಒಬ್ಬ ನೌಕರನ ಸಂಬಳವನ್ನು ಒಂದೂವರೆ ಸೆಕೆಂಡಿನಲ್ಲಿ ಲೆಕ್ಕಹಾಕುತ್ತಿತ್ತು. ಅದೇ ಕೆಲಸಕ್ಕೆ ಅನುಭವಿಯಾದ ಗುಮಾಸ್ತನಿಗೆ ಎಂಟು ನಿಮಿಷ ಬೇಕಾಗುತ್ತಿತ್ತು.

ಮೊದಲು ಕೆಲಸದ ವಿವರಣೆ, ಆಮೇಲೆ ಯಂತ್ರ

ಆದರೂ ಲಯನ್ಸ್ ಕಂಪನಿಯ ನಿಜವಾದ ಸಾಧನೆ ಈ ವೇಗವಲ್ಲ. ೧೯೫೪ರಲ್ಲಿ ಚಹದಂಗಡಿಗಳಿಗೆ ತಿನಿಸು ಕಳುಹಿಸುವ ಕೆಲಸವನ್ನು ಲಿಯೊಗೆ ಒಪ್ಪಿಸಿದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದಕ್ಕೆ ಮುಂಚೆ ಪ್ರತಿಯೊಂದು ಅಂಗಡಿಯ ಮೇಲ್ವಿಚಾರಕಿಯೂ ದಿನದಿನವೂ ತನಗೆ ಬೇಕಾದ ಪದಾರ್ಥಗಳ ಪೂರ್ಣ ಪಟ್ಟಿಯನ್ನು ಬರೆದು ಕಳುಹಿಸಬೇಕಾಗಿತ್ತು. ಹೊಸ ಏರ್ಪಾಟಿನಲ್ಲಿ ವಾರದ ಒಂದೊಂದು ದಿನಕ್ಕೂ ಅಂಗಡಿಗೆ ಒಂದು ಗೊತ್ತಾದ ಪಟ್ಟಿಯನ್ನು ನಿಗದಿಮಾಡಲಾಯಿತು. ಅದು ಯಂತ್ರದ ಬಳಿಯೇ ಇರುವುದು. ಮೇಲ್ವಿಚಾರಕಿಯು ಟೆಲಿಫೋನಿನಲ್ಲಿ ತಿಳಿಸಬೇಕಾದದ್ದು ಆ ಪಟ್ಟಿಯಲ್ಲಿ ಮಾಡಬೇಕಾದ ಹೆಚ್ಚು ಕಡಿಮೆಗಳನ್ನು ಮಾತ್ರ. ಕಚೇರಿಯಲ್ಲಿ ಕುಳಿತವರು ಅದನ್ನು ಕೇಳುತ್ತಲೇ ಕಾರ್ಡುಗಳಲ್ಲಿ ರಂಧ್ರ ಕೊರೆದು ಯಂತ್ರಕ್ಕೆ ಉಣಿಸುತ್ತಿದ್ದರು.

ಇದರಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಯಂತ್ರವನ್ನು ತರುವ ಮೊದಲು ಕೆಲಸವನ್ನೇ ಹೊಸದಾಗಿ ಯೋಚಿಸಿ ವಿವರಿಸಲಾಯಿತು. ಹಳೆಯ ಪಟ್ಟಿಯನ್ನೇ ವೇಗವಾಗಿ ಬರೆಯುವ ಯಂತ್ರವನ್ನು ತಂದಿದ್ದರೆ ಪ್ರಯೋಜನವು ಅಲ್ಪವಾಗುತ್ತಿತ್ತು. ಎರಡನೆಯದು, ಲೆಕ್ಕ ಯಂತ್ರದ್ದಾದರೂ ಊಹೆ ಮನುಷ್ಯನದಾಗಿಯೇ ಉಳಿಯಿತು. ನಾಳೆ ಮಳೆ ಬರುವ ಸೂಚನೆಯಿದೆ, ಪಕ್ಕದ ಬೀದಿಯಲ್ಲಿ ಉತ್ಸವವಿದೆ, ಆದ್ದರಿಂದ ಇಷ್ಟು ಕೇಕು ಸಾಕು ಎಂದು ನಿರ್ಧರಿಸುತ್ತಿದ್ದವಳು ಅಂಗಡಿಯಲ್ಲಿ ನಿಂತು ಗಿರಾಕಿಗಳನ್ನು ಕಾಣುತ್ತಿದ್ದ ಮೇಲ್ವಿಚಾರಕಿ. ಸಂಬಳದ ಲೆಕ್ಕವನ್ನೂ ಕೂಡ ಗುಮಾಸ್ತರ ಲೆಕ್ಕದೊಡನೆ ಹೋಲಿಸಿ, ಎರಡೂ ಸರಿಹೊಂದಿದುವೆಂದು ಖಚಿತವಾದ ಮೇಲೆಯೇ ಯಂತ್ರಕ್ಕೆ ಬಿಟ್ಟುಕೊಡಲಾಯಿತು.

ಒಂದು ಸಂಗತಿಗೆ ಒಂದೇ ಬರಹ

ಲಿಯೊದ ಕಾಲದಲ್ಲಿ ಒಂದೊಂದು ಕೆಲಸವನ್ನೂ ಬಿಡಿಬಿಡಿಯಾಗಿ ಯಂತ್ರಕ್ಕೆ ಒಪ್ಪಿಸುತ್ತಿದ್ದರು. ನಾವು ಆರಂಭದಲ್ಲಿ ಕಂಡ ಮೂರು ಪುಸ್ತಕಗಳ ತೊಂದರೆ ಇದರಿಂದ ಪರಿಹಾರವಾಗಲಿಲ್ಲ. ಪುಸ್ತಕಗಳ ಬದಲಿಗೆ ಮೂರು ಕಾರ್ಡುಗಳ ಕಂತೆಗಳಾದುವು, ಅಷ್ಟೆ. ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿಯು ದತ್ತಾಂಶವನ್ನು ಕೋಷ್ಟಕಗಳಲ್ಲಿ ಜೋಡಿಸುವ ಒಂದು ಗಣಿತಬದ್ಧ ವಿಧಾನವನ್ನು ಪ್ರಕಟಿಸಿದರು. ಒಂದು ಸಂಗತಿಯನ್ನು ಒಂದೇ ಕಡೆಯಲ್ಲಿ ಬರೆದು, ಬೇಕಾದವರೆಲ್ಲರೂ ಅದನ್ನೇ ನೋಡುವಂತೆ ಮಾಡುವುದು ಈ ವಿಧಾನದಿಂದ ಸಾಧ್ಯವಾಗುತ್ತದೆ.

ಸುಮಾರು ಅದೇ ಕಾಲಕ್ಕೆ, ಅಂದರೆ ೧೯೭೨ರಲ್ಲಿ, ಐಬಿಎಂ ಕಂಪನಿಯನ್ನು ಬಿಟ್ಟುಬಂದ ಐವರು ಎಂಜಿನಿಯರರು ಜರ್ಮನಿಯಲ್ಲಿ 'ಸ್ಯಾಪ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಮೊದಲ ಗಿರಾಕಿ ಓಸ್ಟ್ರಿಂಗೆನ್ ಎಂಬ ಊರಿನಲ್ಲಿದ್ದ ನೈಲಾನ್ ಕಾರ್ಖಾನೆ. ಒಂದೊಂದು ಕಂಪನಿಗೂ ಬೇರೆಬೇರೆ ಕಾರ್ಯಕ್ರಮವನ್ನು ಬರೆಯುವ ಬದಲು ಎಲ್ಲರಿಗೂ ಹೊಂದುವ ಒಂದೇ ತಂತ್ರಾಂಶವನ್ನು ರಚಿಸುವುದು, ಸಂಗತಿ ನಡೆದ ಗಳಿಗೆಯಲ್ಲೇ ಅದನ್ನು ದಾಖಲಿಸುವುದು, ಇವೇ ಅವರ ಉದ್ದೇಶಗಳಾಗಿದ್ದುವು. ೧೯೯೨ರಲ್ಲಿ ಹೊರಬಂದ ಅವರ 'ಆರ್/೩' ಎಂಬ ತಂತ್ರಾಂಶವು ಪ್ರಪಂಚದಾದ್ಯಂತ ಹರಡಿತು. ಈ ಸಂಸ್ಥೆಯ ಸಂಶೋಧನಾ ಕೇಂದ್ರವೊಂದು ೧೯೯೮ರಿಂದ ಬೆಂಗಳೂರಿನಲ್ಲಿಯೂ ಇದೆ.

ಇಂಥ ತಂತ್ರಾಂಶದಲ್ಲಿ ನಮ್ಮ ಹಿಟ್ಟಿನ ಮೂಟೆಯ ಗತಿ ಏನಾಗುತ್ತದೆಂದು ನೋಡೋಣ. ಮೂಟೆ ಬಂದುದನ್ನು ಉಗ್ರಾಣದವನು ಒಂದು ಸಲ ದಾಖಲಿಸುತ್ತಾನೆ. ಆ ಕೂಡಲೆ ದಾಸ್ತಾನು ಹೆಚ್ಚುತ್ತದೆ; ಕೊಡಬೇಕಾದ ಹಣ ಲೆಕ್ಕಕ್ಕೆ ಸೇರುತ್ತದೆ; ಬೇಡಿಕೆಯ ಪತ್ರ, ಬಂದ ಸರಕು, ಮಾರಿದವನ ಬಿಲ್ಲು, ಈ ಮೂರೂ ತಾಳೆಯಾದರೆ ಮಾತ್ರ ಪಾವತಿಗೆ ಅಪ್ಪಣೆ ದೊರೆಯುತ್ತದೆ. ಇದರ ಮೂಲದಲ್ಲಿರುವುದು ಹಳೆಯ ಜಮಾಖರ್ಚಿನ ತತ್ತ್ವವೇ. ೧೪೯೪ರಲ್ಲಿ ಲೂಕಾ ಪಾಚೋಲಿ ಎಂಬ ಗಣಿತಜ್ಞನು ವೆನಿಸಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿಯಂತೆ, ಒಂದು ಖಾತೆಯಿಂದ ಹೋದದ್ದು ಇನ್ನೊಂದು ಖಾತೆಗೆ ಬಂದೇ ಇರಬೇಕು. ಶಕ್ತಿ ಸಂರಕ್ಷಣಾ ನಿಯಮವನ್ನು ಓದಿದವರಿಗೆ ಇದು ಹೊಸದಲ್ಲ. ಪೂರ್ವದ ದಾಸ್ತಾನಿಗೆ ಬಂದುದನ್ನು ಕೂಡಿಸಿ, ಹೋದುದನ್ನು ಕಳೆದರೆ ಉಳಿದ ದಾಸ್ತಾನು ಸಿಕ್ಕಬೇಕು. ಸಿಕ್ಕದಿದ್ದರೆ ಸರಕು ಮಾಯವಾಗಿದೆ ಎನ್ನುವ ಮೊದಲು ಅಳತೆಯಲ್ಲಿ ದೋಷವಿದೆಯೇ ಎಂದು ನೋಡುವುದು ಪ್ರಯೋಗಶಾಲೆಯ ಶಿಸ್ತು.

ಆದರೆ ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ಮೂರು ಪುಸ್ತಕಗಳಿದ್ದಾಗ ಒಂದರ ತಪ್ಪನ್ನು ಇನ್ನೊಂದು ಬಯಲುಮಾಡುತ್ತಿತ್ತು. ಬರಹ ಒಂದೇ ಆದಾಗ ಸರಿಯಾದುದು ಎಲ್ಲೆಡೆಗೂ ಹರಡುವಂತೆ ತಪ್ಪಾದುದೂ ಎಲ್ಲೆಡೆಗೂ ಹರಡುತ್ತದೆ. ಎಲ್ಲ ಪುಟಗಳೂ ಒಂದೇ ತಪ್ಪನ್ನು ಹೇಳುವುದರಿಂದ ಅದು ಸತ್ಯದಂತೆಯೇ ತೋರುತ್ತದೆ.

ಅಂಚೆ ಶಾಖೆಗಳ ದುರಂತ

ಈ ಅಪಾಯವು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಕಥೆ ಸಾಕ್ಷಿಯಾಗಿದೆ. ಲಿಯೊ ಯಂತ್ರವನ್ನು ಕಟ್ಟಿದ ಸಂಸ್ಥೆಯು ೧೯೬೩ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯೊಡನೆ ಸೇರಿತು. ೧೯೬೮ರಲ್ಲಿ ಅದು ಐಸಿಎಲ್ ಎಂಬ ದೊಡ್ಡ ಸಂಸ್ಥೆಯ ಭಾಗವಾಯಿತು. ಮುಂದೆ ಐಸಿಎಲ್ ಜಪಾನಿನ ಫುಜಿತ್ಸು ಕಂಪನಿಯ ವಶವಾಯಿತು. ಈ ಐಸಿಎಲ್ ಸಂಸ್ಥೆಯೇ ಬ್ರಿಟನ್ನಿನ ಅಂಚೆ ಶಾಖೆಗಳಿಗಾಗಿ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶವನ್ನು ಸಿದ್ಧಪಡಿಸಿತು. ೧೯೯೯ರಿಂದ ಅದು ಶಾಖೆಗಳಲ್ಲಿ ಬಳಕೆಗೆ ಬಂದಿತು.

ಸ್ವಲ್ಪ ಕಾಲದಲ್ಲಿಯೇ ಅನೇಕ ಶಾಖೆಗಳ ಲೆಕ್ಕದಲ್ಲಿ ಹಣ ಕಡಿಮೆ ಬೀಳತೊಡಗಿತು. ಶಾಖೆ ನಡೆಸುವ ಉಪ ಪೋಸ್ಟ್‌ಮಾಸ್ಟರುಗಳು, "ನಾವು ಹಣ ತೆಗೆದಿಲ್ಲ, ಯಂತ್ರದಲ್ಲಿ ದೋಷವಿರಬೇಕು" ಎಂದು ಹೇಳಿದರೂ ಅಂಚೆ ಸಂಸ್ಥೆಯು ನಂಬಲಿಲ್ಲ. ಕಡಿಮೆ ಬಿದ್ದ ಹಣವನ್ನು ಅವರು ಕೈಯಿಂದ ತುಂಬಿಕೊಡಬೇಕಾಯಿತು. ಮನೆ ಮಾರಿದವರುಂಟು, ಸೆರೆಮನೆಗೆ ಹೋದವರೂ ಉಂಟು. ೧೯೯೯ರಿಂದ ೨೦೧೫ರವರೆಗೆ ೯೦೦ಕ್ಕೂ ಹೆಚ್ಚು ಮಂದಿ ಕಳವು, ಸುಳ್ಳು ಲೆಕ್ಕ ಮುಂತಾದ ಅಪರಾಧಗಳಿಗಾಗಿ ಶಿಕ್ಷೆಗೆ ಗುರಿಯಾದರು. ಕಂಪ್ಯೂಟರು ಸರಿಯಾಗಿಯೇ ಕೆಲಸಮಾಡುತ್ತಿದೆಯೆಂದು ಮೊದಲೇ ಭಾವಿಸಿಕೊಳ್ಳುವ ನಿಯಮವನ್ನು ಅಲ್ಲಿನ ನ್ಯಾಯಾಲಯಗಳು ಅನುಸರಿಸುತ್ತಿದ್ದುದರಿಂದ, ದೋಷವನ್ನು ತೋರಿಸಿಕೊಡುವ ಭಾರವು ಯಂತ್ರದ ಒಳಗನ್ನು ಕಾಣಲಾರದವರ ಮೇಲೆಯೇ ಬಿದ್ದಿತು.

ದೋಷಗಳು ಎಂಥವು? ಸ್ಕಾಟ್ಲೆಂಡಿನ ಡಾಲ್ಮೆಲ್ಲಿಂಗ್ಟನ್ ಶಾಖೆಯಲ್ಲಿ ೨೦೧೫ರಲ್ಲಿ ಬೆಳಕಿಗೆ ಬಂದ ಒಂದನ್ನು ನೋಡಬಹುದು. ಶಾಖೆಗೆ ಬಂದ ನಗದನ್ನು ಜಮಾ ಮಾಡುವಾಗ ತೆರೆ ಸ್ತಬ್ಧವಾಗುತ್ತಿತ್ತು. ಬಳಸುವವರು ಗುಂಡಿಯನ್ನು ಮತ್ತೊಮ್ಮೆ ಒತ್ತಿದರೆ ತೆರೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಆದರೆ ಒತ್ತಿದಷ್ಟು ಸಲವೂ ಅದೇ ಹಣ ಒಳಗೊಳಗೇ ಜಮೆಯಾಗುತ್ತಿತ್ತು. ಉದಾಹರಣೆಗೆ ೧,೦೦೦ ಪೌಂಡು ಬಂದಿದ್ದು, ಗುಂಡಿಯನ್ನು ಮೂರು ಸಲ ಒತ್ತಿದರೆ ಲೆಕ್ಕದಲ್ಲಿ ೩,೦೦೦ ಕಾಣುವುದು, ಪೆಟ್ಟಿಗೆಯಲ್ಲಿ ೧,೦೦೦ ಮಾತ್ರ ಇರುವುದು. ಹಣ ಹೋಗಿರಲಿಲ್ಲ, ಇಲ್ಲದ ಹಣ ಲೆಕ್ಕದಲ್ಲಿ ಹುಟ್ಟಿತ್ತು. ಸಂರಕ್ಷಣೆಯ ನಿಯಮವನ್ನು ಮುರಿದಿದ್ದುದು ಯಂತ್ರ. ಶಿಕ್ಷೆ ಮಾತ್ರ ಮನುಷ್ಯನಿಗೆ.

ನೂರಾರು ಮಂದಿ ಉಪ ಪೋಸ್ಟ್‌ಮಾಸ್ಟರುಗಳು ಒಟ್ಟುಗೂಡಿ ಹೂಡಿದ ಮೊಕದ್ದಮೆಯಲ್ಲಿ, ಹೊರೈಜನ್ನಿನ ದೋಷಗಳಿಂದ ಲೆಕ್ಕದಲ್ಲಿ ವ್ಯತ್ಯಾಸ ಉಂಟಾಗಬಲ್ಲುದೆಂದು ೨೦೧೯ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ತೀರ್ಪಿತ್ತಿತು. ೨೦೨೧ರಲ್ಲಿ ಮೇಲ್ಮನವಿ ನ್ಯಾಯಾಲಯವು ಒಂದೇ ತೀರ್ಪಿನಲ್ಲಿ ೩೯ ಮಂದಿಯ ಶಿಕ್ಷೆಯನ್ನು ರದ್ದುಮಾಡಿತು. ಕಡೆಗೆ ೨೦೨೪ರ ಮೇ ತಿಂಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಉಳಿದ ನೂರಾರು ಮಂದಿಯ ಶಿಕ್ಷೆಗಳನ್ನು ರದ್ದುಪಡಿಸಲು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು.

ಊಹಿಸುವ ಯಂತ್ರದ ತತ್ತ್ವ

ದಾಖಲೆಯ ಯಂತ್ರವೇ ಹೀಗೆ ದಾರಿತಪ್ಪಬಹುದಾದರೆ ಊಹೆಯ ಯಂತ್ರದ ವಿಷಯದಲ್ಲಿ ಇನ್ನೆಷ್ಟು ಎಚ್ಚರ ಬೇಕು! 'ಕೃತಕ ಬುದ್ಧಿಮತ್ತೆ' ಎಂಬ ಹೆಸರಿನಿಂದ ಇಂದು ವ್ಯಾಪಾರದಲ್ಲಿ ಬಳಕೆಯಾಗುತ್ತಿರುವುದು ಬಹುಮಟ್ಟಿಗೆ ಈ ಊಹೆಯ ಯಂತ್ರವೇ. ಅದರ ತತ್ತ್ವವನ್ನು ಒಂದು ಸಣ್ಣ ನಿದರ್ಶನದಿಂದ ತಿಳಿಯಬಹುದು.

ಒಂದು ಅಂಗಡಿಯಲ್ಲಿ ನಾಲ್ಕು ಸೋಮವಾರಗಳಂದು ಅನುಕ್ರಮವಾಗಿ ೪೦, ೪೪, ೪೮, ೫೨ ಬ್ರೆಡ್ಡುಗಳು ಮಾರಾಟವಾದುವೆನ್ನೋಣ. ಈ ಬಿಂದುಗಳನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿ ಸರಳರೇಖೆಯನ್ನೆಳೆದರೆ ಐದನೆಯ ಸೋಮವಾರಕ್ಕೆ ೫೬ ಎಂದು ಹೇಳುತ್ತೇವೆ. ನಿಜವಾದ ಬಿಂದುಗಳು ಹೀಗೆ ಒಂದೇ ರೇಖೆಯಲ್ಲಿ ಬೀಳುವುದು ಅಪರೂಪ. ಆಗ, ರೇಖೆಯಿಂದ ಬಿಂದುಗಳಿಗಿರುವ ವ್ಯತ್ಯಾಸಗಳ ವರ್ಗಗಳ ಮೊತ್ತವು ಕನಿಷ್ಠವಾಗುವಂತೆ ರೇಖೆಯನ್ನು ಆರಿಸುತ್ತೇವೆ. ೧೮೦೫ರಲ್ಲಿ ಲಜಾಂಡ್ರ್ ಪ್ರಕಟಿಸಿದ ಈ ವಿಧಾನವನ್ನು ನಮ್ಮ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬಳಸುತ್ತೇವೆ. ಸರಳರೇಖೆಗೆ ಬೇಕಾದ ಸ್ಥಿರಾಂಕಗಳು ಎರಡು. ಆಧುನಿಕ ನರಜಾಲಗಳಲ್ಲಿ ಇಂಥ ಸಂಖ್ಯೆಗಳು ಲಕ್ಷಗಟ್ಟಲೆ, ಕೋಟಿಗಟ್ಟಲೆ ಇರುತ್ತವೆ. ಯಂತ್ರವು ಒಂದು ಉತ್ತರವನ್ನು ಕೊಡುತ್ತದೆ. ನಿಜವಾದ ಉತ್ತರಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಕಂಡುಹಿಡಿದು, ಆ ವ್ಯತ್ಯಾಸ ಕುಗ್ಗುವ ದಿಕ್ಕಿನಲ್ಲಿ ಪ್ರತಿಯೊಂದು ಸಂಖ್ಯೆಯನ್ನೂ ತುಸುತುಸುವೇ ತಿದ್ದಲಾಗುತ್ತದೆ. ಇದನ್ನೇ ಅಸಂಖ್ಯ ಸಲ ಪುನರಾವರ್ತಿಸಲಾಗುತ್ತದೆ. ಯಂತ್ರದ 'ಕಲಿಕೆ' ಎಂದರೆ ಇಷ್ಟೇ. ಈ ಜಾಲಗಳಿಗೆ ತಳಹದಿ ಹಾಕಿದ್ದಕ್ಕಾಗಿ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ೨೦೨೪ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ವ್ಯಾಪಾರದಲ್ಲಿ ಇದರ ಉಪಯೋಗ ಬಹುಮುಖವಾದುದು. ಮುಂದಿನ ವಾರದ ಬೇಡಿಕೆಯನ್ನು ಅಂದಾಜು ಮಾಡುವುದು, ಕಾಗದದ ಬಿಲ್ಲಿನಲ್ಲಿರುವ ಅಂಕೆಗಳನ್ನು ಓದುವುದು, ಸಾವಿರಾರು ಪಾವತಿಗಳಲ್ಲಿ ಅನುಮಾನಾಸ್ಪದವಾದುದನ್ನು ಎತ್ತಿತೋರಿಸುವುದು, ಗಿರಾಕಿಯ ಪ್ರಶ್ನೆಗೆ ಉತ್ತರ ಬರೆಯುವುದು, ಇವೆಲ್ಲವೂ ಈಗ ಸಾಧ್ಯವಾಗಿವೆ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ದೊಡ್ಡ ವ್ಯಾಪಾರ ತಂತ್ರಾಂಶಗಳೆಲ್ಲ ಮಾತನಾಡುವ ಸಹಾಯಕರನ್ನು ಸೇರಿಸಿಕೊಳ್ಳತೊಡಗಿವೆ. ಸ್ಯಾಪ್ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ಇಂಥ ಸಹಾಯಕನ ಹೆಸರು 'ಜೂಲ್'; ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಹೆಸರೇ. ಲಯನ್ಸ್ ಅಂಗಡಿಯ ಮೇಲ್ವಿಚಾರಕಿ ಮಾಡುತ್ತಿದ್ದ ಊಹೆಯ ಕೆಲಸವೂ ಹೀಗೆ ಯಂತ್ರದ ಪಾಲಿಗೆ ಬಂದಂತಾಯಿತು.

ಊಹೆಯ ಮಿತಿ ಮತ್ತು ಹೊಣೆ

ನಮ್ಮ ಅಂಗಡಿಯ ಐದನೆಯ ಸೋಮವಾರ ಪಕ್ಕದ ಕಾಲೇಜಿಗೆ ರಜೆಯಿದ್ದು ೧೨ ಬ್ರೆಡ್ಡು ಮಾತ್ರ ಮಾರಾಟವಾದರೆ, ರೇಖೆಯನ್ನೆಳೆಯುವುದರಲ್ಲಿ ನಾವು ತಪ್ಪಿದೆವೆನ್ನಲಾಗದು. ರಜೆಯ ಸಂಗತಿ ಆ ನಾಲ್ಕು ಬಿಂದುಗಳಲ್ಲಿ ಇರಲೇ ಇಲ್ಲ. ಕಂಡ ಬಿಂದುಗಳ ನಡುವೆ ರೇಖೆಯು ನಂಬಿಕೆಗೆ ಅರ್ಹವಾದುದು. ಅವುಗಳಾಚೆಗೆ ಎಳೆದಷ್ಟೂ ಅದರ ನಂಬಿಕೆ ಕುಗ್ಗುತ್ತದೆ. ಕೋಟಿ ಸ್ಥಿರಾಂಕಗಳಿದ್ದರೂ ಈ ಮಿತಿ ತಪ್ಪಿದ್ದಲ್ಲ.

ಅಮೆರಿಕದ ಜಿಲ್ಲೋ ಎಂಬ ಕಂಪನಿಯು ಮನೆಗಳ ಬೆಲೆಯನ್ನು ಯಂತ್ರದ ಮೂಲಕ ಅಂದಾಜುಮಾಡುವುದರಲ್ಲಿ ಹೆಸರಾಗಿತ್ತು. ಇಂಥ ಅಂದಾಜನ್ನು ಆಧರಿಸಿ ೨೦೧೮ರಿಂದ ಅದು ತಾನೇ ಮನೆಗಳನ್ನು ಕೊಂಡು ಮಾರತೊಡಗಿತು. ಮನೆ ಬೆಲೆಗಳ ಏರಿಳಿತವನ್ನು ಸರಿಯಾಗಿ ಊಹಿಸಲಾಗದೆ ೨೦೨೧ರ ನವೆಂಬರಿನಲ್ಲಿ ಆ ವ್ಯಾಪಾರವನ್ನೇ ಮುಚ್ಚಿ, ನೌಕರರಲ್ಲಿ ಕಾಲುಭಾಗದಷ್ಟು ಮಂದಿಯನ್ನು ಬಿಡಬೇಕಾಯಿತು. ಊಹೆಯನ್ನು ದಾಖಲೆಯಷ್ಟೇ ಖಚಿತವೆಂಬಂತೆ ಬಳಸಿದುದರ ಫಲ ಇದು.

ಇನ್ನೊಂದು ನಿದರ್ಶನ ಕೆನಡಾ ದೇಶದ್ದು. ಅಜ್ಜಿಯ ಸಾವಿನ ನಿಮಿತ್ತ ಪ್ರಯಾಣ ಮಾಡಬೇಕಾಗಿದ್ದ ಒಬ್ಬರಿಗೆ ಏರ್ ಕೆನಡಾ ಸಂಸ್ಥೆಯ ಉತ್ತರಿಸುವ ಯಂತ್ರವು, ಪ್ರಯಾಣದ ನಂತರವೂ ದರದ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ತಿಳಿಸಿತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ಹಣ ಕೇಳಿದಾಗ ಸಂಸ್ಥೆಯು ಯಂತ್ರದ ಮಾತಿಗೆ ತಾನು ಹೊಣೆಯಲ್ಲವೆಂದಿತು. ೨೦೨೪ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿಯು ಈ ವಾದವನ್ನು ತಳ್ಳಿಹಾಕಿ, ಸಂಸ್ಥೆಯೇ ಹಣ ಕೊಡಬೇಕೆಂದು ಆಜ್ಞಾಪಿಸಿತು. ಯಂತ್ರವನ್ನು ಬಾಗಿಲಲ್ಲಿ ನಿಲ್ಲಿಸಿದವರೇ ಅದರ ಮಾತಿಗೆ ಹೊಣೆ ಎಂಬುದು ಈ ತೀರ್ಪಿನ ಸಾರ.

ಇವೆಲ್ಲದರಿಂದ ಹೊರಡುವ ತತ್ತ್ವವನ್ನು ಎರಡು ಮಾತುಗಳಲ್ಲಿ ಹೇಳಬಹುದು. ದಾಖಲೆಯನ್ನು ವಸ್ತುಸ್ಥಿತಿಯೊಡನೆ ತಾಳೆ ನೋಡಬೇಕು. ಊಹೆಯನ್ನು ದಾಖಲೆಯೊಡನೆ ತಾಳೆ ನೋಡಬೇಕು. ಉಗ್ರಾಣದ ಮೂಟೆಗಳನ್ನು ಆಗಾಗ ಎಣಿಸದೆ, ತೆರೆಯ ಮೇಲಿನ ಅಂಕೆಯನ್ನೇ ಮೂಟೆಯೆಂದು ನಂಬುವ ಸಂಸ್ಥೆಯು ಎಷ್ಟೇ ಹಣ ಸುರಿದು ಯಂತ್ರಗಳನ್ನು ತಂದರೂ ಪರಿವರ್ತನೆ ಹೊಂದಿತೆನ್ನಲಾಗದು. ಊಹೆ ಎಷ್ಟು ಸಲ, ಎಷ್ಟರಮಟ್ಟಿಗೆ ತಪ್ಪಿತೆಂಬುದರ ಪಟ್ಟಿಯನ್ನಿಡದ ಸಂಸ್ಥೆಗೆ ಊಹೆಯ ಯಂತ್ರವನ್ನು ಬಳಸುವ ಯೋಗ್ಯತೆ ಇನ್ನೂ ಬಂದಿಲ್ಲ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ವಿದ್ಯಾರ್ಥಿನಿಲಯದಲ್ಲಿ ದಿನದಿನವೂ ಊಟಕ್ಕೆ ಬಂದವರ ಸಂಖ್ಯೆಯನ್ನು ನಾಲ್ಕು ವಾರ ಬರೆದಿಡಿ. ಪ್ರತಿಯೊಂದು ವಾರದ ದಿನಕ್ಕೂ ಸರಾಸರಿ ತೆಗೆದು ಐದನೆಯ ವಾರದ ಸಂಖ್ಯೆಗಳನ್ನು ಮುಂಚಿತವಾಗಿ ಬರೆದು ಮುಚ್ಚಿಡಿ. ಅಡಿಗೆಯವರನ್ನೂ ಅವರ ಊಹೆಯೇನೆಂದು ಕೇಳಿ ಬರೆದುಕೊಳ್ಳಿ. ವಾರ ಕಳೆದ ಮೇಲೆ ಎರಡು ಊಹೆಗಳನ್ನೂ ನಿಜ ಸಂಖ್ಯೆಯೊಡನೆ ಹೋಲಿಸಿ ವ್ಯತ್ಯಾಸಗಳನ್ನು ಲೆಕ್ಕಹಾಕಿ. ಯಾವ ದಿನ ನಿಮ್ಮ ಸರಾಸರಿ ಗೆದ್ದಿತು, ಯಾವ ದಿನ ಅಡಿಗೆಯವರು ಗೆದ್ದರು, ಅವರಿಗೆ ತಿಳಿದಿದ್ದು ನಿಮ್ಮ ಪಟ್ಟಿಯಲ್ಲಿಲ್ಲದ ಸಂಗತಿ ಯಾವುದು ಎಂಬುದನ್ನು ಅವರನ್ನೇ ವಿಚಾರಿಸಿ ಪಟ್ಟಿಯ ಪಕ್ಕದಲ್ಲಿ ಬರೆಯಿರಿ. ಮುಂದಿನ ಊಹೆಗೆ ಸೇರಿಸಬೇಕಾದ ದತ್ತಾಂಶ ಅದೇ.